ನಮ್ಮ ದೋಸೆ ಭಟ್ಟರ ಮಾಲ್ಟಾ

ಹೋಟೆಲಿನಲ್ಲಿ ಕೆಲಸ ಮಾಡುವವನು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಹಾಲಿನವನಿಗಿಂತ ಮೊದಲು ಅದೇ ಒಳಗೆ ಬರುತ್ತದೆ. ಮದರಾಸಿನ ನುಂಗಂಬಾಕ್ಕಂನಲ್ಲಿ ಉಡುಪಿ ಕಡೆಯ ಯಜಮಾನರೊಬ್ಬರು ನಡೆಸುತ್ತಿದ್ದ ಹೋಟೆಲಿನ ಉಗ್ರಾಣ ನೋಡಿಕೊಳ್ಳುತ್ತ ನಾನು ಹದಿನೈದು ವರ್ಷ ಕಳೆದೆ. ಅಕ್ಕಿ, ಉದ್ದು, ಮೆಣಸಿನ ಮೂಟೆಗಳ ನಡುವೆ ಕೂತು ನಕ್ಕ ನಗೆಯಲ್ಲಿ ಮುಕ್ಕಾಲು ಪಾಲು ನಮ್ಮ ದೋಸೆ ಭಟ್ಟರ ಕೃಪೆ. ಅವರದೊಂದು ಮಾಲ್ಟಾ ಇತ್ತು. ಅದರ ಕಥೆಯಿದು.

೧. ದೋಣಿಯ ಕಣ್ಣು

ನಮ್ಮಲ್ಲಿಗೆ ಬರುವ ಮೊದಲು ಎಲ್ಲಿದ್ದಿರಿ ಎಂದರೆ ಭಟ್ಟರು "ಹಡಗಿನಲ್ಲಿದ್ದೆ" ಎನ್ನುತ್ತಿದ್ದರು. ಯಾವ ಹಡಗು, ಎಲ್ಲಿಗೆ ಹೋಯಿತು ಎಂದು ನಾವ್ಯಾರೂ ಕೇಳಿರಲಿಲ್ಲ. ಅಷ್ಟು ಚೆನ್ನಾಗಿ ದೋಸೆ ಹುಯ್ಯುವವರ ಪೂರ್ವೋತ್ತರ ಯಾರಿಗೆ ಬೇಕು?

ಕೇಳಿದವರು ಭೂಗೋಳದ ಮೇಷ್ಟ್ರು. ಬಳ್ಳಾರಿ ಕಡೆಯವರು, ಮದರಾಸಿನಲ್ಲೇ ಪಾಠ ಹೇಳಿ ನಿವೃತ್ತರಾದವರು, ಮಾತಿಗೆ ತಮಿಳೂ ಬೆರೆತಿತ್ತು. ದಿನಾ ಬೆಳಿಗ್ಗೆ ಅಡುಗೆಮನೆಯ ಕಿಂಡಿಯ ಪಕ್ಕದ ಮೇಜಿನಲ್ಲಿ ಕೂತು ಒಂದು ಕಾಫಿಗೆ ಇಡೀ ಪೇಪರು ಓದುತ್ತಿದ್ದರು. ಒಂದು ದಿನ ಪೇಪರಿನಲ್ಲಿ ಮಾಲ್ಟಾ ಎಂಬ ಪುಟ್ಟ ದ್ವೀಪ ಸ್ವತಂತ್ರವಾದ ಸುದ್ದಿ ಬಂದಿತ್ತು.

"ಭಟ್ರೇ, ಹಡಗಿನಾಗ ಇದ್ದೆ ಅಂತೀರಲ್ಲ, ಈ ಮಾಲ್ಟಾ ನೋಡೀರೇನು?"

ಭಟ್ಟರು ಕಾವಲಿಗೆ ನೀರು ಚಿಮುಕಿಸುತ್ತಲೇ, "ಮಾಲ್ಟಾವಾ? ನಾಲ್ಕು ದಿನ ಇದ್ದೆ" ಎಂದರು.

"ಅಪ್ಪಡಿಯಾ! ಹಂಗಾದ್ರ ಹೇಳ್ರಿ, ಅದು ಯಾವುದಕ್ಕ ಪ್ರಸಿದ್ಧ?"

ಮೇಷ್ಟ್ರಿಗೆ ಉತ್ತರ ಗೊತ್ತಿತ್ತು. ಕಲ್ಲಿನ ಕೋಟೆ, ಬಂದರು, ಜೇನುತುಪ್ಪ ಎಂದು ಮೂವತ್ತು ವರ್ಷ ಹುಡುಗರಿಗೆ ಬಾಯಿಪಾಠ ಮಾಡಿಸಿದ್ದರು. ಭಟ್ಟರು ಮಾತ್ರ ಒಂದೇ ಮಾತಿನಲ್ಲಿ ಮುಗಿಸಿದರು.

"ಅಲ್ಲಿ ದೋಣಿಗೆ ಕಣ್ಣುಂಟು."

ಇಡೀ ಹೋಟೆಲು ಗೊಳ್ಳೆಂದು ನಕ್ಕಿತು. ಮೇಷ್ಟ್ರ ಕಾಫಿ ಪೇಪರಿನ ಮೇಲೆ ಚೆಲ್ಲಿತು. "ಸುಮ್ಮಾ ಇರ್ರೀ! ಕಣ್ಣಿದ್ದರ ಮೂಗೂ ಇರಬೇಕಲ್ಲ?"

ಭಟ್ಟರು ದೋಸೆ ಮಗುಚಿ ಹಾಕಿದರು. "ಮೂಗು ಇಟ್ರೆ ಮೀನಿನ ವಾಸನೆ ತಡೆಯುವುದು ಹೇಗೆ ಮಾರಾಯ್ರೆ?"

೨. ಒಂಟಿಗಣ್ಣಿನ ದೂರು

ಅಂದಿನಿಂದ ಭಟ್ಟರ ಪಾಡು ಯಾರಿಗೂ ಬೇಡ. ಬಂದವರೆಲ್ಲ ಕಿಂಡಿಗೆ ಬಗ್ಗಿ, "ಎನ್ನ ಭಟ್ರೇ, ದೋಸೆಗೆ ಕಣ್ಣಿಲ್ಲವಾ?" ಎಂದು ತಮಿಳು ಬೆರೆಸಿ ಕೆಣಕುವವರೇ. ಒಂದು ದಿನ ಭಟ್ಟರಿಗೆ ರೇಗಿತು. ದೋಸೆಯ ಎರಡು ತುದಿಯನ್ನೂ ಚೂಪಾಗಿ ಮಡಚಿ ದೋಣಿ ಮಾಡಿದರು. ಮುಂದಿನ ಮೂತಿಯ ಎರಡೂ ಮಗ್ಗುಲಿಗೆ ಒಂದೊಂದು ಕೊಬ್ಬರಿ ಬಿಲ್ಲೆ ಅಂಟಿಸಿ, ನಡುವೆ ಒಂದೊಂದು ಕರಿಮೆಣಸಿನ ಕಾಳು ಒತ್ತಿ, "ಮೇಷ್ಟ್ರಿಗೆ ಕೊಡಿ, ಕಣ್ಣು ತೆರೆದು ತಿನ್ನಲಿ" ಎಂದು ಕಳುಹಿಸಿದರು.

ಮೇಷ್ಟ್ರು ನಕ್ಕರು, ತಿಂದರು, ಇನ್ನೊಂದಕ್ಕೆ ಹೇಳಿದರು. ಪಕ್ಕದ ಮೇಜಿನವರು ತಮಗೂ ಅದೇ ಬೇಕೆಂದರು. ವಾರ ಕಳೆಯುವುದರೊಳಗೆ ಯಜಮಾನರು ಕರಿಹಲಗೆಯ ಮೇಲೆ ಸ್ವಂತ ಕೈಯಿಂದ "ಮಾಲ್ಟಾ ದೋಸೆ" ಎಂದು ಬರೆದರು. ಭಾನುವಾರ ಮಕ್ಕಳು ಅಪ್ಪಂದಿರನ್ನು ಎಳೆದುಕೊಂಡು ಬರತೊಡಗಿದವು.

ಒಬ್ಬ ದಪ್ಪ ಮೀಸೆಯ ಗಿರಾಕಿ ಮಾತ್ರ ತಟ್ಟೆ ಎತ್ತಿಕೊಂಡು ನೇರ ಕಿಂಡಿಗೇ ಬಂದರು. "ಎನ್ನಯ್ಯಾ ಇದು? ಎಲ್ಲರಿಗೂ ಎರಡು ಕಣ್ಣು, ನನಗೆ ಒಂದೇ!"

ಭಟ್ಟರು ತಲೆ ಎತ್ತಲಿಲ್ಲ. "ಇನ್ನೊಂದು ಆಚೆ ಮಗ್ಗುಲಲ್ಲುಂಟು. ನೀವು ಸ್ವಲ್ಪ ಸುತ್ತಿ ಹೋಗಿ ನೋಡಿ."

ಆ ಮಹಾರಾಯರು ನಿಜವಾಗಿಯೂ ತಟ್ಟೆಯನ್ನು ಮೇಜಿನ ಮೇಲಿಟ್ಟು, ಮೇಜನ್ನು ಸುತ್ತಿ ಹೋಗಿ ನೋಡಿದರು.

೩. ಕ್ರಾಪಿನ ಬಲಿ

ಅಷ್ಟರಲ್ಲಿ ಊರಿಂದ ಯಜಮಾನರ ತಾಯಿ ಬಂದರು. ನಾವೆಲ್ಲ ಅಜ್ಜಿ ಎನ್ನುತ್ತಿದ್ದೆವು. ಬೆಳಗಿನ ಮೊದಲ ದೋಸೆ ದೇವರಿಗೆ ನೈವೇದ್ಯವಾಗುವುದು ನಮ್ಮ ಹೋಟೆಲಿನ ಪದ್ಧತಿ. ಅದನ್ನು ಹುಯ್ಯುವವರು ಮಾಲ್ಟಾಕ್ಕೆ ಹೋಗಿ ಬಂದವರೆಂದು ಅಜ್ಜಿಯ ಕಿವಿಗೆ ಬಿತ್ತು.

"ಸಮುದ್ರ ದಾಟಿದವನ ಕೈಯ ನೈವೇದ್ಯವಾ? ಪ್ರಾಯಶ್ಚಿತ್ತ ಆಗಿದೆಯಾ ಇವನಿಗೆ?" ಎಂದು ಅಜ್ಜಿ ಕೇಳಿದರು. ಅಜ್ಜಿಯ ತೀರ್ಪು ಅಲ್ಲೇ ಹೊರಬಿತ್ತು: ತಲೆ ಬೋಳಿಸಿ, ಉಪವಾಸವಿದ್ದು, ಪಂಚಗವ್ಯ ಕುಡಿಯಬೇಕು; ಇಲ್ಲವಾದರೆ ಕಾವಲಿ ಬಿಟ್ಟು ಪಾತ್ರೆ ತೊಳೆಯುವ ಕಡೆಗೆ ಹೋಗಬೇಕು.

ಭಟ್ಟರ ಕ್ರಾಪು ಸಾಮಾನ್ಯದ್ದಲ್ಲ. ಹಣೆಯ ಮೇಲೆ ಎರಡು ಅಲೆ, ಹಿಂದೆ ಒಂದು ಸುಳಿ. ದೋಸೆ ಹುಯ್ಯುವಾಗಲೂ ಕೆಡದಂತೆ ಎಣ್ಣೆ ಹಚ್ಚಿ ಕೂರಿಸುತ್ತಿದ್ದರು. ಆ ಮಧ್ಯಾಹ್ನ ಉಗ್ರಾಣಕ್ಕೆ ಬಂದು ಉದ್ದಿನ ಮೂಟೆಯ ಮೇಲೆ ಕುಸಿದರು.

"ನಾನು ದಾಟಿದ್ದು ಬಂದರಿನ ಗೇಟು ಮಾತ್ರ ಮಾರಾಯ್ರೆ. ಒಳಗೆ ಕ್ಯಾಂಟೀನಿನಲ್ಲಿದ್ದೆ. ಒಲೆಯ ಎದುರಿಗೆ ಹಡಗು ಕಂಪನಿಯ ಕ್ಯಾಲೆಂಡರು. ಹಳದಿ ಮನೆಗಳು, ನೀಲಿ ಸಮುದ್ರ, ಕಣ್ಣಿರುವ ದೋಣಿಗಳು, ಕೆಳಗೆ ಮಾಲ್ಟಾ ಅಂತ ಬರೆದಿತ್ತು. ಹಾಳೆ ಯಾರೂ ಮಗುಚಲಿಲ್ಲ. ಒಂದು ವರ್ಷ ಅದನ್ನೇ ನೋಡಿದ್ದೇನೆ. ನಾಲ್ಕು ದಿನ ಅಂತ ಹೇಳಿದ್ದು ಕಡಿಮೆಯೇ ಆಯ್ತು."

"ಹಾಗಾದರೆ ನಿಜ ಹೇಳಿಬಿಡಿ, ಕೂದಲು ಉಳಿಯುತ್ತದೆ" ಎಂದೆ.

"ಆ ಮೇಷ್ಟ್ರ ಮುಂದೆಯಾ? ಅದಕ್ಕಿಂತ ಬೋಳಿಸುವುದೇ ವಾಸಿ."

ನನಗೆ ನಗುವೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಭಟ್ಟರು ಮರುದಿನವೇ ಬೋಳಿಸಿಕೊಂಡರು. ಪಂಚಗವ್ಯವನ್ನು ಮೂಗು ಹಿಡಿದು ಕುಡಿದರು. ಕಿಂಡಿಯಲ್ಲಿ ಹೊಳೆಯುವ ತಲೆ ಕಂಡು ಮೇಷ್ಟ್ರು ಮೊದಲ ಬಾರಿಗೆ ಪೇಪರು ಮಡಚಿದರು.

"ಸುಳ್ಳಿಗೋಸ್ಕರ ಇಂಥಾ ಕ್ರಾಪು ಯಾರು ಕೊಡ್ತಾರ? ಈ ಮನುಷ್ಯ ಮಾಲ್ಟಾಕ್ಕ ಹೋಗಿದ್ದು ಖರೇ" ಎಂದು ಎಲ್ಲರಿಗೂ ಕೇಳುವಂತೆ ಸಾರಿದರು. "ಆ ಕಣ್ಣಿನ ಮಾತು ಮಾತ್ರ ಶುದ್ಧ ಸುಳ್ಳು!"

೪. ಕಪ್ತಾನ ಬಂದದ್ದು

ತಿಂಗಳಿಗೆಂದು ಬಂದ ಅಜ್ಜಿ ಹೋಗುವ ಲಕ್ಷಣವಿರಲಿಲ್ಲ. ಭಟ್ಟರ ಕೂದಲು ಎರಡು ಬೆರಳಿನಷ್ಟು ಬಂದಿತ್ತು. ಆಗ ನಮ್ಮ ಗಿರಾಕಿಯಾಗಿದ್ದ ಹಡಗು ಆಫೀಸಿನ ಗುಮಾಸ್ತರೊಬ್ಬರು ಕೆಂಪು ಮುಖದ ದೊಡ್ಡ ಆಳೊಬ್ಬರನ್ನು ಟಿಫನ್ನಿಗೆ ಕರೆತಂದರು. "ಇವರು ಕಪ್ತಾನರು. ಹಡಗು ರಿಪೇರಿಗೆ ನಿಂತಿದೆ. ಸ್ವಂತ ಊರು ಮಾಲ್ಟಾ!"

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಭಟ್ಟರು ನನ್ನ ಉಗ್ರಾಣಕ್ಕೆ ನುಗ್ಗಿ ಅಕ್ಕಿ ಮೂಟೆಯ ಹಿಂದೆ ಕೂತರು. "ನಾನು ಊರಿಗೆ ಹೋಗಿದ್ದೇನೆ ಅಂತ ಹೇಳಿ!"

ಆದರೆ ಕಾವಲಿಯ ಮೇಲಿದ್ದ ಮಾಲ್ಟಾ ದೋಸೆ ಅಷ್ಟರಲ್ಲಿ ಕಪ್ತಾನರ ತಟ್ಟೆಗೆ ಹೋಗಿತ್ತು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಎದುರು ಕೂತು, ತಮ್ಮ ಶುದ್ಧ ಇಂಗ್ಲಿಷಿನಲ್ಲಿ ಆ ಹಳೆಯ ಪ್ರಶ್ನೆ ಕೇಳಿದರು: ನಿಮ್ಮ ದೇಶ ಯಾವುದಕ್ಕೆ ಪ್ರಸಿದ್ಧ?

ಕಪ್ತಾನರು ಕೋಟೆ, ಬಂದರು, ಜೇನು ಎಂದು ಎಣಿಸತೊಡಗಿದರು. ಮೇಷ್ಟ್ರು ಒಂದೊಂದಕ್ಕೂ ಗೆದ್ದ ಮುಖ ಮಾಡಿ ಕಿಂಡಿಯ ಕಡೆ ನೋಡುತ್ತಿದ್ದರು. ಅಷ್ಟರಲ್ಲಿ ಕಪ್ತಾನರ ದೃಷ್ಟಿ ತಟ್ಟೆಗೆ ಬಿತ್ತು. ದೋಸೆಯ ಕಣ್ಣನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದರು. ಅವರ ಕಣ್ಣಲ್ಲಿ ನೀರಾಡಿತು. ಮೇಷ್ಟ್ರು ಸಣ್ಣ ದನಿಯಲ್ಲಿ ಅವರ ಮಾತನ್ನು ನಮಗೆ ಕನ್ನಡದಲ್ಲಿ ಹೇಳಿದರು. ಅವರಪ್ಪ ಮೀನುಗಾರ. ಆ ದ್ವೀಪದಲ್ಲಿ ಮೀನಿನ ದೋಣಿಗಳ ಮೂತಿಗೆ ಎರಡು ಕಣ್ಣು ಬರೆಯುತ್ತಾರೆ, ಮನೆಯ ದಾರಿ ತಪ್ಪದಿರಲಿ ಎಂದು. ಈ ದೋಸೆ ಮಾಡಿದವರು ಯಾರು?

ಭಟ್ಟರನ್ನು ಮೂಟೆಯ ಹಿಂದಿನಿಂದ ಎಳೆದು ತಂದದ್ದು ನಾನೇ. ಮೇಷ್ಟ್ರು ಎದ್ದು ನಿಂತು ಕೈ ಮುಗಿದರು. "ತಪ್ಪಾತು ಭಟ್ರೇ. ಮೂವತ್ತು ವರ್ಷ ಅರ್ಧ ಪಾಠ ಹೇಳಿದೆ." ನನಗೆ ಹೇಳತೀರದ ಸಂತೋಷವಾಯಿತು.

ಕಪ್ತಾನರು ಅಷ್ಟಕ್ಕೇ ಬಿಡಲಿಲ್ಲ. ಅವರ ಅಡುಗೆಯವನು ಜ್ವರ ಬಂದು ಇಲ್ಲೇ ಉಳಿಯುವವನಿದ್ದ. ಹಡಗು ಹೊರಡುವುದು ಮನೆಯ ಕಡೆಗೇ. "ಬಾ, ಮಾಲ್ಟಾವನ್ನು ಇನ್ನೊಮ್ಮೆ ನೋಡುವೆಯಂತೆ" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಭಟ್ಟರ ಕೈ ಮಾತ್ರ ತಾನಾಗಿ ತಲೆಗೆ ಹೋಯಿತು. ಅವರು ಹೆದರುತ್ತ ಅಜ್ಜಿಯ ಮುಖ ನೋಡಿದರು. "ಬೇಡ ಅಮ್ಮಾ. ಕೂದಲು ಈಗಷ್ಟೇ ಬರ್ತಾ ಉಂಟು."

ಅಜ್ಜಿ ಬಾಗಿಲಿಗೆ ಒರಗಿ ಬತ್ತಿ ಹೊಸೆಯುತ್ತಿದ್ದರು. "ಹೋಗಿ ಬಾ. ಪ್ರಾಯಶ್ಚಿತ್ತ ಆಗಿದೆಯಲ್ಲ."

"ಅದು ಹೋದ ಸಲದ್ದು..."

"ಹೋದ ಸಲ ನೀನು ಹೋದದ್ದು ಎಲ್ಲಿಗೆ?" ಅಜ್ಜಿ ನಕ್ಕರು. "ನಮ್ಮ ಮನೆಯವರು ಮಂಗಳೂರಿನಿಂದ ಬೊಂಬಾಯಿಗೆ ಒಂದೇ ಒಂದು ಸಲ ಸ್ಟೀಮರಿನಲ್ಲಿ ಹೋಗಿದ್ದರು. ಸಾಯುವವರೆಗೆ ವಾಂತಿಯ ಸುದ್ದಿಯೇ. ನೀನು ಮಾಲ್ಟಾದವರೆಗೆ ಹೋದೆಯಂತೆ, ಒಂದು ಸಲವೂ ವಾಂತಿಯ ಸುದ್ದಿ ಎತ್ತಲಿಲ್ಲ. ನನಗೆ ಮೊದಲ ದಿನವೇ ಗೊತ್ತಾಯ್ತು ಮಗಾ. ನೀನಾಗಿ ಬಾಯಿ ಬಿಡುತ್ತೀಯೋ ಅಂತ ಕಾದೆ, ನೀನು ತಲೆಯನ್ನೇ ಕೊಟ್ಟೆ. ಆ ಕೂದಲು ಈ ಪ್ರಯಾಣಕ್ಕಾಯ್ತು, ಹೊರಡು."

ಮೇಷ್ಟ್ರು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಭಟ್ಟರು ಮೂರನೆಯ ವಾರ ಹಡಗು ಹತ್ತಿದರು. ಅಜ್ಜಿ ಉಪ್ಪಿನಕಾಯಿ ಭರಣಿ ಕಟ್ಟಿಕೊಟ್ಟರು, ಬಂದರಿನ ಗೇಟಿನವರೆಗೆ ನಾವೆಲ್ಲ ಹೋಗಿ ಬಂದೆವು.

ಎರಡು ತಿಂಗಳಾದ ಮೇಲೆ ಹೋಟೆಲಿನ ವಿಳಾಸಕ್ಕೆ ಒಂದು ಬಣ್ಣದ ಕಾರ್ಡು ಬಂತು. ಹಳದಿ ಮನೆಗಳು, ನೀಲಿ ಸಮುದ್ರ, ಸಾಲು ದೋಣಿಗಳು, ಒಂದೊಂದಕ್ಕೂ ಎರಡೆರಡು ಕಣ್ಣು. ಹಿಂದುಗಡೆ ಭಟ್ಟರ ಕೈಬರಹವಿತ್ತು. ಮೇಷ್ಟ್ರು ಕಿಂಡಿಯ ಪಕ್ಕ ನಿಂತು ಗಟ್ಟಿಯಾಗಿ ಓದಿದರು:

"ಅಜ್ಜಿಗೆ ಸಾಷ್ಟಾಂಗ ನಮಸ್ಕಾರ. ದೋಣಿಗೆ ಕಣ್ಣು ಇರುವುದು ನಿಜ. ಇನ್ನೂ ಸರಿಯಾಗಿ ನೋಡಿಲ್ಲ. ವಾಂತಿ ನಿಂತ ಮೇಲೆ ನೋಡುತ್ತೇನೆ."