ಇಪ್ಪತ್ತೆರಡನೇ ನಂಬರಿನ ಸೂಜಿಯವರ ಸನ್ನಿಧಿಗೆ

ಮಾನ್ಯ ಇಪ್ಪತ್ತೆರಡನೇ ನಂಬರಿನ ಸೂಜಿಯವರೇ,

ಹುಮನಾಬಾದಿನ ವಿದ್ಯಾವತಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದೂ, ತಮ್ಮ ಮೊನಚು ಎಂದಿನಂತಿದೆಯೆಂದೂ ನಂಬಿದ್ದೇನೆ. ನನ್ನನ್ನು ಮರೆತಿರಬಹುದು, ಎರಡು ಪುಪ್ಪುಸಗಳ ನಡುವೆ ಊದಿಕೊಂಡ ಗಂಟುಗಳಿದ್ದವಲ್ಲ, ಅವುಗಳ ಒಡತಿ ನಾನು. ತಾವು ನನ್ನ ಬಾಯಿಂದ ಇಳಿದು ಬಂದಾಗ ಔಷಧದ ಮಂಪರಿನಲ್ಲಿದ್ದ ಕಾರಣ ಎದ್ದು ಬರಮಾಡಿಕೊಳ್ಳಲಾಗಲಿಲ್ಲ, ಕ್ಷಮೆಯಿರಲಿ.

ಎಂಟು ತಿಂಗಳ ನನ್ನ ಕೆಮ್ಮನ್ನು ಮನೆಮಂದಿ, ಓಣಿಮಂದಿ ಕೂಡಿ ಟಿಬಿ ಎಂದು ಠರಾಯಿಸಿದ್ದರು. ಕಫದಲ್ಲಿ ಏನೂ ಸಿಗದಿದ್ದರೂ ನನ್ನ ತಾಟು, ಲೋಟ ಬೇರೆಯಾದವು. ಡಾಕ್ಟರು ಮಾತ್ರ, ಇದು ಸಾರ್ಕಾಯ್ಡೋಸಿಸ್ ಇರಬಹುದು, ಅದು ಯಾರಿಗೂ ಅಂಟುವುದಿಲ್ಲ, ಆದರೆ ಗಂಟಿನ ಚೂರು ತೆಗೆದು ನೋಡದೆ ಹೇಳಲಾಗದು ಎಂದರು. ಇದೇ ಹೊತ್ತಿಗೆ ನನ್ನ ಅತ್ತಿಗೆ, ಅಣ್ಣನ ಹೆಂಡತಿ ಉಜ್ವಲಾ, ಬಸವಕಲ್ಯಾಣದ ತನ್ನ ತವರಿನಲ್ಲಿ ಹೆಣ್ಣು ಹೆತ್ತಳು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಉಸುರುವವಳು ಸೋದರತ್ತೆ, ಅಂದರೆ ನಾನೊಬ್ಬಳೇ. ಅತ್ತಿಗೆಯ ತಾಯಿ ಜಯಮಾಲಾಬಾಯಿ ಫೋನಿನಲ್ಲಿ, 'ರಿಪೋರ್ಟ್ ಬರ್ಲಿ ತಂಗಿ, ಹೆಸರೇನ್ ಓಡಿ ಹೋಗಾಂಗಿಲ್ಲ' ಅಂದರು. ಹೀಗೆ ಒಂದು ಕೂಸಿನ ಹೆಸರು ತಮ್ಮ ತುದಿಯ ಮೇಲೆ ಬಂದು ನಿಂತಿತು.

ಆಸ್ಪತ್ರೆಯಲ್ಲಿ ಯಾವ ಸೂಜಿ ಮೇಲೆಂದು ಹೋಲಿಸಿ ನೋಡುವ ಕೆಲಸ ನಡೆದಿತ್ತು, ನಾನೂ ಒಪ್ಪಿ ಸಹಿ ಮಾಡಿದೆ. ಮುಚ್ಚಿದ ಲಕೋಟೆಯಲ್ಲಿ ಹತ್ತೊಂಬತ್ತೋ ಇಪ್ಪತ್ತೆರಡೋ ಇರುತ್ತದೆ. ನನ್ನ ಲಕೋಟೆಯಿಂದ ತಾವು ಹೊರಬಂದಿರಿ. ದೊಡ್ಡ ನಂಬರು ಬಂತೆಂದು ಹಿಗ್ಗಿದೆ. ಸೂಜಿಗಳಲ್ಲಿ ನಂಬರು ಏರಿದಷ್ಟೂ ಮೈ ತೆಳುವಾಗುತ್ತದೆಂದು ಆಮೇಲೆ ತಿಳಿಯಿತು. ನಾನು ಕಲಿತದ್ದೇ ನಾಲ್ಕು ಇಯತ್ತೆ, ಅದರಲ್ಲಿ ಗಟ್ಟಿಯಾಗಿದ್ದ ಒಂದೇ ಲೆಕ್ಕವನ್ನೂ ತಾವು ಕೆಡಿಸಿದಿರಿ.

ಆದರೆ ತಮ್ಮ ಸಭ್ಯತೆಯನ್ನು ಹೊಗಳಲೇಬೇಕು. ಹಿಂದೆಲ್ಲ ಅಂದಾಜಿನ ಮೇಲೆ ಚುಚ್ಚುತ್ತಿದ್ದರಂತೆ. ತಮಗೆ ಗಂಟನ್ನು ಪರದೆಯ ಮೇಲೆ ತೋರಿಸುವ ಯಂತ್ರವೇ ಜೊತೆಗಿತ್ತು. ಆದರೂ ನಾಲ್ಕು ಸಲ ಒಳಹೊಕ್ಕು, ಪರರ ಸೊತ್ತೆಂದು ಏನನ್ನೂ ಮುಟ್ಟದೆ, ನಾಲ್ಕು ಹನಿ ರಕ್ತವನ್ನಷ್ಟೇ ತಂದಿರಿ. 'ನಮೂನೆ ಸಾಲದು' ಎಂದು ರಿಪೋರ್ಟು ಬಂತು. ಆಗ ಹುಮನಾಬಾದಿನ ಮಾರ್ಕೆಟ್ಟಿನಲ್ಲಿ ತೊಗರಿ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಕಾಳು ನೋಡುವುದರಲ್ಲೇ ತಲೆ ಬೆಳ್ಳಗಾದ ನನ್ನ ಕಾಕಾ ಶಂಕರಲಿಂಗ ಡಾಕ್ಟರಿಗೆ, 'ಬುಡಕ್ಕ ಚುಚ್ಚ್ರಿ ಸಾಹೇಬ್ರ, ಮ್ಯಾಲಿನ ಮಾಲು ಯಾವಾಗ್ಲೂ ಚೊಲೋನೇ ಇರ್ತದ' ಎಂದು ಕಲಿಸಿಕೊಟ್ಟರು. ಅಷ್ಟಕ್ಕೇ ನಿಲ್ಲದೆ, ಅರ್ಧ ನಮೂನೆ ಮಾಲಿನ ಧಣಿಯ ಕೈಯಲ್ಲಿರುವುದು ರಿವಾಜು ಎಂದು ಅಂಗೈ ಚಾಚಿ ನಿಂತರು. ಎರಡನೇ ಸಲ ಡಾಕ್ಟರು ಕಾಕಾನನ್ನು ಆಸ್ಪತ್ರೆಯ ಗೇಟಿನಾಚೆ ಕೂಡಿಸಿ ಕೆಲಸ ಶುರು ಮಾಡಿದರು.

ಆ ಸಲ ಬಂದವರು ತಮ್ಮ ದಪ್ಪ ಅಣ್ಣ, ಹತ್ತೊಂಬತ್ತನೇ ನಂಬರಿನವರು. ಅವರು ಸಂಕೋಚವಿಲ್ಲದ ಮನುಷ್ಯ, ತುಂಬ ತಂದರು. ಟಿಬಿಯ ಸುಳಿವಿಲ್ಲ, ಸಾರ್ಕಾಯ್ಡೋಸಿಸ್ಸೇ ಎಂದು ರಿಪೋರ್ಟು ಬಂತು. ಡಾಕ್ಟರು ನ್ಯಾಯಸ್ಥರು, ಒಬ್ಬಳ ಗಂಟು ನೋಡಿ ಸೂಜಿಯ ಮೇಲೆ ತೀರ್ಪು ಹೇಳಬಾರದು, ಎಷ್ಟೋ ಜನರಿಗೆ ತೆಳುವಾದದ್ದೇ ಸಾಕಾಗಿದೆ ಎಂದರು. ನಾನು ಆ ಎಷ್ಟೋ ಜನರಲ್ಲಿ ಒಬ್ಬಳಲ್ಲ. ಅಷ್ಟರಲ್ಲಿ ಕೂಸಿಗೆ ಮೂರು ತಿಂಗಳು ತುಂಬಿ, ಲಸಿಕೆ ಕಾರ್ಡಿನಲ್ಲಿ 'ಉಜ್ವಲಾಳ ಕೂಸು' ಎಂದೇ ಉಳಿದಿತ್ತು. ಆದ್ದರಿಂದ ತಾವು ಷೇರ್ ಆಟೋದಲ್ಲಿ ಬಸವಕಲ್ಯಾಣಕ್ಕೆ ಬಂದು ಕೂಸಿನ ಎದುರು ತಪ್ಪೊಪ್ಪಿಕೊಳ್ಳಬೇಕೆಂದು ವಿನಂತಿ. ಮುಂದೆ ಯಾರ ಗಂಟಿಗೆ ಹೋದರೂ ನಾಚದೆ ಎರಡು ತುತ್ತು ತೆಗೆದುಕೊಳ್ಳಿ.

ಹೋದ ಭಾನುವಾರ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದೆ. ಹೇಳುವವಳ ಬೆನ್ನಿಗೆ ಸುತ್ತಲಿನ ಹೆಂಗಸರು ಗುದ್ದುವುದು ಪದ್ಧತಿ. ಎಂಟು ತಿಂಗಳು ನನ್ನಿಂದ ದೂರ ಕೂತವರೆಲ್ಲ ಬಂದು ಗುದ್ದಿದರು, ಬೆನ್ನು ಇನ್ನೂ ನೋಯುತ್ತಿದೆ. ನಡುವೆ ನನಗೆ ಕೆಮ್ಮೂ ಬಂತು, ಯಾರೂ ಹಿಂದೆ ಸರಿಯಲಿಲ್ಲ. ಇಟ್ಟ ಹೆಸರನ್ನು ತಮಗೆ ಮಾತ್ರ ಹೇಳುವುದಿಲ್ಲ.

ನಾಲ್ಕು ಸಲ ಚುಚ್ಚಿಸಿಕೊಂಡೂ ತಮ್ಮ ವಿಶ್ವಾಸಿ,
ವಿದ್ಯಾವತಿ

ತಾ.ಕ.: ಜಯಮಾಲಾಬಾಯಿಯವರಿಗೆ ಮೂರು ವಾರದಿಂದ ಕೆಮ್ಮು. ತಮ್ಮ ವಿಳಾಸ ಕೊಟ್ಟಿದ್ದೇನೆ. ಲಕೋಟೆ ಒಡೆಯುವವರೆಗೆ ಕಾಯಬೇಡಿ, ದಪ್ಪನೆಯವರನ್ನೇ ಕೇಳಿ ಪಡೆಯಿರಿ ಎಂದೂ ಹೇಳಿದ್ದೇನೆ.