ಹೆಂಡತಿಯ ದುಡ್ಡಿಗೆ ಟೆಂಡರು

"ನಿನ್ನ ದುಡ್ಡಿಗೆ ಈ ಊರಲ್ಲೇ ನಂಬರ್ ಒನ್ ಖಾತೆ ಹುಡುಕಿಕೊಡದೆ ಇದ್ರೆ ಕೇಳು!" ಎಂದು ಸೂಪರಿಂಟೆಂಡೆಂಟರು ಊಟದ ಮೇಜು ಕುಟ್ಟಿದರು. ಕಚೇರಿಯಲ್ಲಿ ಅವರದು ಖರೀದಿ ವಿಭಾಗ. ಮೂರು ಕೊಟೇಶನ್ ಇಲ್ಲದೆ ಒಂದು ಪೊರಕೆಯನ್ನೂ ಕೊಂಡ ಕಳಂಕ ಅವರಿಗಿಲ್ಲ!

ದುಡ್ಡು ಹೆಂಡತಿಯದು. ಆಸ್ಪತ್ರೆಯೊಂದಕ್ಕೆ ಇನ್ನೂರ ಹತ್ತು ಪರದೆ ಹೊಲಿದುಕೊಟ್ಟು ಸಂಪಾದಿಸಿದ ಎಂಬತ್ತು ಸಾವಿರದ ಚೆಕ್ಕು. ಇನ್ನಾರು ತಿಂಗಳು ಒಂದಿಷ್ಟು ಕೂಡಿಸಿದರೆ, ದಪ್ಪ ಬಟ್ಟೆಗೂ ಮುನಿಸಿಕೊಳ್ಳದ ದೊಡ್ಡ ಹೊಲಿಗೆ ಮಿಷನ್ ಮನೆಗೆ ಬರುತ್ತಿತ್ತು.

"ನಾನೇ ಹೋಗಿ ಒಂದು ಉಳಿತಾಯ ಖಾತೆ ತೆರೀತೀನಿ ಬಿಡ್ರೀ."

"ಹಾಗೆಲ್ಲ ನುಗ್ಗಬಾರದು ಕಣೇ! ಇದಕ್ಕೊಂದು ಕ್ರಮ ಇದೆ!"

ಕ್ರಮದ ಪ್ರಕಾರ ಏಳು ಬ್ಯಾಂಕುಗಳಿಗೆ ಪತ್ರ ಹೋಯಿತು. ಸಂಪರ್ಕಕ್ಕೆ ಹೆಂಡತಿಯ ಫೋನ್ ನಂಬರು. ತಮಗಾದರೆ ಕೆಲಸವಿರುತ್ತದೆ, ಅವಳು ಹೇಗೂ ಮನೆಯಲ್ಲೇ ಇರುತ್ತಾಳಲ್ಲ! ಮನೆಯಲ್ಲೇ ಇರುವ ಆಕೆ ಅಳತೆ ತೆಗೆಯುವಾಗ ಒಂದು ಫೋನು, ಹಾಲು ಉಕ್ಕುವಾಗ ಒಂದು, ಮೈಗೆ ಸೋಪು ಹಚ್ಚಿಕೊಂಡಾಗ ಎರಡು. ಮೂರನೇ ದಿನ ಯಾರದೋ ಪ್ಯಾಂಟಿಗೆ ಎರಡೂ ಎಡಗಾಲೇ ಹೊಲಿದಿಟ್ಟಳು.

"ರೀ, ನಿಮ್ಮ ಬ್ಯಾಂಕಿನವರು ನನ್ನ ಪ್ರಾಣ ತಿಂತಿದಾರೆ!"

"ಭಾನುವಾರ ಹನ್ನೊಂದಕ್ಕೆ ಎಲ್ಲರನ್ನೂ ಬರೋಕೆ ಹೇಳು. ಬಹಿರಂಗವಾಗೇ ತೀರ್ಮಾನ ಮಾಡ್ತೀನಿ!"

ಏಳೂ ಬ್ಯಾಂಕಿನವರು ಬಂದರು. ಇದ್ದದ್ದು ನಾಲ್ಕು ಕುರ್ಚಿ. ಜಾಗ ಸಿಗದ ಒಬ್ಬ ಸೂಜಿ ಚುಚ್ಚಿಟ್ಟಿದ್ದ ಮೆತ್ತೆಯ ಮೇಲೆ ಕೂತು, ತನ್ನ ಬ್ಯಾಂಕಿನ ಬಡ್ಡಿದರಕ್ಕಿಂತ ಎತ್ತರಕ್ಕೆ ಹಾರಿದ! "ಎಲ್ಲರಿಗೂ ಟೀ!" ಎಂದು ಸೂಪರಿಂಟೆಂಡೆಂಟರು ಒಳಗೆ ಆಜ್ಞೆ ಕಳಿಸಿದರು. ಅರ್ಧ ಗಂಟೆಗೆ ಮತ್ತೊಂದು ಆಜ್ಞೆ. ಮನೆಯ ಕಪ್ಪು, ಲೋಟ, ಬಟ್ಟಲುಗಳೆಲ್ಲ ಮುಗಿದವು. ಬ್ಯಾಂಕಿನ ಹುಡುಗಿಯೊಬ್ಬಳು ಎಂಜಲು ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದವಳು ಹೊರಗೆ ಬರಲೇ ಇಲ್ಲ. ಸೂಪರಿಂಟೆಂಡೆಂಟರು ಅವಳ ಬ್ಯಾಂಕಿನ ಮುಂದೆ 'ಗೈರುಹಾಜರು' ಎಂದು ಬರೆದರು.

ಹತ್ತೊಂಬತ್ತು ಕಾಲಮ್ಮುಗಳ ಪಟ್ಟಿ ತುಂಬಿಸಿ, ಒಂದು ಗಂಟೆಗೆ ಎದ್ದು ನಿಂತರು. "ಗೆದ್ದದ್ದು ಐದು ವರ್ಷದ ಠೇವಣಿ! ಬಡ್ಡಿ ಎಲ್ಲರಿಗಿಂತ ಜಾಸ್ತಿ! ಅಲ್ಲೀವರೆಗೆ ದುಡ್ಡು ಮುಟ್ಟೋ ಹಾಗೇ ಇಲ್ಲ! ಎಲ್ಲೇ, ಚೆಕ್ ತಾ!"

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು, ಹಿಂದೆಯೇ ಆ ಬ್ಯಾಂಕಿನ ಹುಡುಗಿ. "ಖಾತೆ ತೆರೆದಾಯ್ತು ರೀ. ಒಲೆ ಮುಂದೇನೇ. ಚೆಕ್ಕನ್ನ ಈ ಹುಡುಗಿಗೆ ಕೊಟ್ಟು ರಸೀದಿನೂ ಇಸ್ಕೊಂಡೆ."

"ಬಡ್ಡಿ ಎಷ್ಟು ಅಂತಾದ್ರೂ ಕೇಳಿದ್ಯಾ?"

"ಕೇಳ್ದೆ. ನಿಮ್ಮದಕ್ಕಿಂತ ಕಮ್ಮಿನೇ. ಆದ್ರೆ ಬೇಕಾದಾಗ ತೆಗೀಬಹುದು. 'ಅಕ್ಕಾ, ದುಡ್ಡು ಯಾವಾಗ ಬೇಕು, ಯಾತಕ್ಕೆ ಬೇಕು?' ಅಂತ ಇವಳೇ ಮೊದಲು ಕೇಳಿದ್ಲು. ನೀವು ಒಂದು ದಿನ ಕೇಳಿದ್ರಾ?"

ಆರು ಮಂದಿ ಒಟ್ಟಿಗೆ ಫ್ಯಾನ್ ನೋಡತೊಡಗಿದರು. ಸೂಪರಿಂಟೆಂಡೆಂಟರು ಹತ್ತೊಂಬತ್ತು ಕಾಲಮ್ಮಿನ ಮೇಲೂ ಬೆರಳಾಡಿಸಿದರು. ಆ ಪ್ರಶ್ನೆ ಎಲ್ಲೂ ಇರಲಿಲ್ಲ. ಉಳಿದಷ್ಟು ಮಾನವನ್ನು ಒಟ್ಟುಮಾಡಿಕೊಂಡು ಕೆಮ್ಮಿದರು.

"ಹೋಗ್ಲಿ, ನಾಮಿನಿ ಜಾಗದಲ್ಲಿ ನನ್ನ ಹೆಸರು ಹಾಕಿದೀಯ ತಾನೆ?"

ಹುಡುಗಿ ತುಟಿ ಕಚ್ಚಿಕೊಂಡಳು. "ಅದನ್ನ ಆಮೇಲೆ ತುಂಬ್ತೀನಿ ಅಂದ್ರು ಸರ್, ಅಕ್ಕ."

"ಆಮೇಲೆ ಅಂದ್ರೆ?"

"ಸಿಂಕಲ್ಲಿ ಹದಿನಾಲ್ಕು ಕಪ್ಪು-ಲೋಟ ಬಿದ್ದಿದೆ ರೀ," ಎಂದು ಹೆಂಡತಿ, ಗಂಡ ಬಿಟ್ಟೆದ್ದ ಕುರ್ಚಿಯಲ್ಲಿ ಕಾಲು ಚಾಚಿ ಕೂತಳು. "ಹೇಗೆ ತೊಳೀತೀರ, ನೋಡೋಣ."