ಜ್ಯೋತಿರ್ವರ್ಷದಾಚೆಯ ಸವತಿ

ದೇವರನ್ನು ನೆಚ್ಚಿದವಳನ್ನೂ ಗ್ರಹವನ್ನು ನೆಚ್ಚಿದವರನ್ನೂ ಒಂದೇ ಸೂರಿನಡಿ ಇಟ್ಟರೆ ದಿನಕ್ಕೊಂದು ಪ್ರಸಂಗ ಆಗದೇ ಇರುತ್ತದೆಯೇ? ಜೋಡಿ ಮಾಡಿದವನು ಶಿವ, ನಗುವವನೂ ಅವನೇ.

ನಮ್ಮನೆಯವರು ಚನ್ನಗಿರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾರೆ. ಮಿಕ್ಕ ಹೊತ್ತೆಲ್ಲ ಲ್ಯಾಪ್‌ಟಾಪ್ ಮುಂದೆ. ನಮ್ಮ ಸೂರ್ಯನನ್ನಲ್ಲ, ದೂರದ ಯಾವುದೋ ನಕ್ಷತ್ರವನ್ನು ಸುತ್ತುವ ಒಂದು ಗ್ರಹ. ಅಲ್ಲಿ ಜೀವ ಇರಬಹುದೇ ಎನ್ನುವುದೇ ಅವರ ಧ್ಯಾನ. ಅದಕ್ಕೆ ಹೆಸರಿಲ್ಲ, ಬರೀ ಅಂಕಿ. ನಾನು 'ಅವಳು' ಅನ್ನುತ್ತೇನೆ.

ಸುಮ್ಮನೆ ಅನ್ನುವುದಿಲ್ಲ. ನಾನು ಹದಿನಾರು ಸೋಮವಾರದ ವ್ರತ ಹಿಡಿದು ಮುಗಿಸಿದ್ದೆ. ಉದ್ಯಾಪನೆಗೆ ಗಂಡ ಹೆಂಡತಿ ಜೊತೆಯಾಗಿ ಕೂರಬೇಕು, ಇಲ್ಲವಾದರೆ ವ್ರತ ಪೂರ್ತಿಯಾಗದು. ಶ್ರಾವಣದಲ್ಲಿ ಜಗಳೂರಿನ ನನ್ನ ತವರಲ್ಲಿ ಎಲ್ಲ ಸಿದ್ಧವಾಗಿತ್ತು. "ಅದರ ಹೊಸ ಮಾಹಿತಿ ಬಂದೈತೆ, ಒಂದು ಗಳಿಗೆ ತಡಿ" ಎಂದು ಕೂತವರು ಬಸ್ಸು ಹೋದ ಮೇಲೆ ಎದ್ದರು. ಉದ್ಯಾಪನೆ ಕಾರ್ತಿಕಕ್ಕೆ ಹೋಯಿತು. ಅಂದಿನಿಂದ ಅವಳು ನನ್ನ ಸವತಿ.

ಚನ್ನಗಿರಿಯಲ್ಲಿ

ಒಂದು ಬೆಳಗ್ಗೆ ಅವರ ಮುಖದಲ್ಲಿ ದೀಪ ಹಚ್ಚಿದ ಹಾಗಿತ್ತು. "ಅಲ್ಲಿ ಬಿಸಿಲೂ ಹೆಚ್ಚಿಲ್ಲ, ಚಳಿಯೂ ಹೆಚ್ಚಿಲ್ಲ ಕಣೇ. ನೀರು ಇರೋ ಹಂಗೆ ಕಾಣ್ತೈತೆ."

"ಸಂತೋಷ ರೀ. ಇಲ್ಲೂ ನೀರೈತೆ," ಅಂದೆ. "ಟ್ಯಾಂಕ್ ತುಂಬಿ ಮೆಟ್ಟಿಲ ಮೇಲೆ ಹರೀತಾ ಐತೆ. ಮೋಟಾರ್ ಆಫ್ ಮಾಡಿ ಬಂದು ಆಮೇಲೆ ಅವಳ ಮನೆ ನೀರು ನೋಡ್ರಿ."

ಹೊನ್ನಾಳಿಯಲ್ಲಿ

ಅಲ್ಲಿನ ಶಾಲೆಯೊಂದರಲ್ಲಿ ಇವರ ಭಾಷಣ. ಅವಳ ತೂಕ, ಅವಳ ನಡಿಗೆ, ಅವಳು ಎದುರಿಗೆ ಹಾದರೆ ನಕ್ಷತ್ರವೇ ತುಸು ಮಂಕಾಗುವುದು, ಎಲ್ಲ ಬಣ್ಣಿಸಿದರು. ನನ್ನ ಹೊಸ ಸೀರೆಯನ್ನು ಬೆಳಗ್ಗೆಯಿಂದ ಕಣ್ಣೆತ್ತಿ ನೋಡಿರಲಿಲ್ಲ.

ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ ಕೇಳಿದಳು: "ಅದು ನೋಡಾಕೆ ಹೆಂಗೈತೆ ತಾಯಿ?"

"ಅವರೇ ಇನ್ನೂ ನೋಡಿಲ್ಲ ಅಜ್ಜಿ. ದೂರ ಅಲ್ವಾ, ಬರೀ ಲೆಕ್ಕ."

"ನೋಡದೇ ಇಷ್ಟು ಹಚ್ಚಿಕೊಂಡಾರಾ? ಹುಷಾರು ಕಣವ್ವ."

ನಿಜ ಅನ್ನಿಸಿತು. ಆದರೆ ಹದಿನಾರು ಸೋಮವಾರ ನಾನು ಉಪವಾಸ ಮಾಡಿದ್ದೂ ಕಣ್ಣಾರೆ ಕಾಣದವನಿಗೇ ಅಲ್ಲವೇ? ಬಾಯಿಗೆ ಬಂದ ದೂರನ್ನು ನುಂಗಿಕೊಂಡೆ.

ನ್ಯಾಮತಿಯಲ್ಲಿ

ಹೊನ್ನಾಳಿಯಿಂದ ಬೈಕಿನಲ್ಲಿ ಬರುವಾಗ ನ್ಯಾಮತಿಗೆ ಹೋಗಿ ಉದ್ಯಾಪನೆಯ ಸಾಮಾನು ಕೊಂಡು, ಹೋಟೆಲಿಗೆ ಹೊಕ್ಕೆವು. ಹೊಸ ಲೆಕ್ಕದ ಪ್ರಕಾರ ಅವಳ ಒಂದು ಮಗ್ಗುಲಿಗೆ ಯಾವಾಗಲೂ ಹಗಲಂತೆ, ಇನ್ನೊಂದಕ್ಕೆ ಯಾವಾಗಲೂ ರಾತ್ರಿಯಂತೆ. ನನಗೆ ತಿಳಿಯಲೆಂದು ಇವರು ದೋಸೆಯನ್ನೇ ಎತ್ತಿ ಹಿಡಿದು ಗಟ್ಟಿಯಾಗಿ ವಿವರಿಸಿದರು: "ನೋಡು, ಈ ಕಡೆ ಸುಟ್ಟೈತೆ, ಆ ಕಡೆ ತಣ್ಣಗೆ ಹಸಿ. ಇದರಾಗೆ ಜೀವ ಉಳಿಯೋದಾದ್ರೆ ಅಂಚಿನಾಗೆ ಮಾತ್ರ."

ಗಲ್ಲಾದಿಂದ ಮಾಲೀಕರು ಎದ್ದು ಬಂದರು. "ಬೇರೆ ದೋಸೆ ಕೊಡಿಸ್ತೀನಿ ಸಾರ್. ಆದ್ರೆ ಒಂದು ಮಾತು, ನಮ್ಮ ದೋಸೆ ನಡುವಿಂದ ತಿಂದವರೂ ಇಲ್ಲೀತನಕ ಎಲ್ಲಾ ಬದುಕ್ಯಾರೆ."

ಜಗಳೂರಿನಲ್ಲಿ

ಕಾರ್ತಿಕ ಸೋಮವಾರ. ಇವರು ಬಂದರು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ. ಸವತಿಯನ್ನೂ ಜೊತೆಗೇ ಕರೆತಂದರು ಅಂದುಕೊಂಡೆ. ಆದರೆ ಚೀಲವನ್ನು ಬಾಗಿಲ ಹಿಂದೆ ಇಟ್ಟು, ಪಂಚೆಯುಟ್ಟು ಮಣೆಯ ಮೇಲೆ ನನ್ನ ಪಕ್ಕ ಕೂತರು. ನಾನು ಅವರ ತೋಳು ಮುಟ್ಟಿಕೊಂಡೆ. ಸಂಕಲ್ಪಕ್ಕೆ ಪುರೋಹಿತರು ಮನೆಯವರ ಹೆಸರು, ಗೋತ್ರ ಕೇಳಿದರು. ಎಲ್ಲ ಹೇಳಿ ಇವರು ಮೆಲ್ಲಗೆ, "ಸ್ವಾಮಿ, ಇನ್ನೊಂದು ಗ್ರಹ ಐತೆ. ಅಲ್ಲಿ ಜೀವ ಇದ್ರೆ ಅವರಿಗೂ ಒಳ್ಳೇದಾಗಲಿ ಅಂತ ಸೇರಿಸ್ರಿ" ಅಂದರು.

ಮಣೆಯ ಮೇಲೂ ಬಂದಳಲ್ಲ ಎಂದು ಮುಟ್ಟಿಕೊಂಡಿದ್ದ ತೋಳನ್ನೇ ಚಿವುಟಿದೆ. ಪುರೋಹಿತರು ಮಾತ್ರ ಅಲುಗಲಿಲ್ಲ. "ಜೀವ ಅಂದ ಮೇಲೆ ಎಲ್ಲಾ ಶಿವಂದೇ. ಹೆಸರು?"

ಇವರು ಅಂಕಿ ಒಪ್ಪಿಸಿದರು.

"ಗೋತ್ರ?"

"ಅದು ಗೊತ್ತಿಲ್ಲ ಸ್ವಾಮಿ."

"ಗೋತ್ರ ತಿಳಿಯದವರಿಗೆ ಕಾಶ್ಯಪ ಅಂತ ಹೇಳೋದು ರೂಢಿ," ಎಂದು ಅವಳನ್ನೂ ಸೇರಿಸಿ ನೀರು ಬಿಡಿಸಿದರು.

ನಮ್ಮನೆಯವರದ್ದೂ ಕಾಶ್ಯಪ ಗೋತ್ರವೇ. ಒಂದೇ ಗೋತ್ರದವರು ಅಣ್ಣ ತಂಗಿ ಲೆಕ್ಕ. ಶಿವನ ಎದುರಿಗೇ ನನ್ನ ಸವತಿ ನಾದಿನಿಯಾದಳು. ಅಷ್ಟು ನೆಮ್ಮದಿಯಾಗಿ ನಾನು ಯಾವ ಮಂಗಳಾರತಿಯನ್ನೂ ತೆಗೆದುಕೊಂಡಿರಲಿಲ್ಲ.

ಬಸ್ಸಿನಲ್ಲಿ ಇವರು ಕೇಳಿದರು: "ಈಗಲಾದ್ರೂ ಅವಳ ಮೇಲೆ ಸಿಟ್ಟು ಹೋಯ್ತಾ?"

"ಹೋಯ್ತು ರೀ. ಆದ್ರೆ ಗೌರಿ ಹಬ್ಬಕ್ಕೆ ತಂಗಿಗೆ ಬಾಗಿನ ಕೊಡಬೇಕಲ್ಲ, ದೂರದ ದಾರಿ, ಈಗಲೇ ಹೊರಡ್ರಿ."